ಐದನೇ ಆಯ್ಕೆ

ಒಂದು ಫಾರಮ್ಮಿಗೆ ನಲವತ್ತು ರೂಪಾಯಿ, ಬಸ್ ಪಾಸು ಬೇರೆ.
ಟ್ಯಾಬಿನ ಗಾಜು ಒಡೆದರೆ ನನ್ನದೇ ತಲೆ ಮೇಲೆ.
ಲಗ್ಗೆರೆಯ ಬೀದಿಗಳು; ಬಲಗೈ ಕಡೆಯಿಂದ ಶುರು,
ಆರು ಮನೆ ಬಿಟ್ಟು ಏಳನೆಯದರ ಬಾಗಿಲು ತಟ್ಟಬೇಕು.
ಬೀಗ ಹಾಕಿದ್ದರೆ ಎಂಟನೆಯದು.
ನಾಯಿ ಇದ್ದರೆ ಏನೆಂದು ತರಬೇತಿಯಲ್ಲಿ ಹೇಳಲಿಲ್ಲ.

ಪ್ರಶ್ನೆ ಹನ್ನೊಂದು:
ಸೋಂಕಿನ ಕಾಲದಲ್ಲಿ ಸರ್ಕಾರ ನಡೆದುಕೊಂಡ ರೀತಿ, ನಿಮ್ಮ ಅಭಿಪ್ರಾಯದಲ್ಲಿ,
ತುಂಬಾ ಚೆನ್ನಾಗಿತ್ತು, ಚೆನ್ನಾಗಿತ್ತು, ಪರವಾಗಿಲ್ಲ, ಚೆನ್ನಾಗಿರಲಿಲ್ಲ.
ಐದನೆಯದನ್ನು ನಾನಾಗಿ ಓದಬಾರದು.
ಅವರೇ ತಡವರಿಸಿದರೆ ಮಾತ್ರ ಒತ್ತಬೇಕು:
ಹೇಳಲಾಗದು.

ಮೊದಲ ಬಾಗಿಲು ಮುನಿಹನುಮಯ್ಯನವರದು.
"ಚೆನ್ನಾಗೇ ಇತ್ತಮ್ಮ. ಅಕ್ಕಿ ಕೊಟ್ರು,
ಬೇಳೆ ಕೊಟ್ರು, ಸುಳ್ಳು ಯಾಕೆ ಹೇಳಲಿ."
ಒಳಗೆ ಕುಕ್ಕರ್ ಕೂಗಿತು. ಅದರ ಹಿಂದೆಯೇ ಹೆಂಗಸಿನ ದನಿ:
"ಆ ಅನ್ನ ಉಣ್ಣೋಕೆ ಯಾರು ಉಳಿದಿದ್ರು ಅಂತಲೂ ಬರೆಸಿ."
ಅವರು ಬಾಗಿಲನ್ನು ಅರ್ಧ ಎಳೆದುಕೊಂಡು ನನ್ನ ಕಡೆ ನಕ್ಕರು.
ಎರಡನೆಯದನ್ನು ಒತ್ತಿದೆ.
ಕುಕ್ಕರಿನ ಹಿಂದಿನ ದನಿಗೆ ಕಾಲಂ ಇಲ್ಲ,
ಒಂದು ಮನೆಗೆ ಒಂದೇ ಅಭಿಪ್ರಾಯ.

ಚೌಡೇಶ್ವರಿನಗರದ ಏರಿನಲ್ಲಿ ಸಿದ್ದಗಂಗಮ್ಮ,
ಗಾರ್ಮೆಂಟ್ಸಿನಲ್ಲಿ ಗುಂಡಿ ಒತ್ತಿ ಒತ್ತಿ ಚಪ್ಪಟೆಯಾದ ಹೆಬ್ಬೆರಳು.
ಫೈಲು ತಂದು ತೊಡೆಯ ಮೇಲೆ ಬಿಚ್ಚಿದರು.
ಹಾಸಿಗೆಗೆಂದು ಕೊಟ್ಟ ಬಿಯು ನಂಬರು,
ಪೀಣ್ಯದಲ್ಲಿ ಸಿಲಿಂಡರ್ ತುಂಬಿಸಿದ ರಸೀದಿ,
ಸುಮನಹಳ್ಳಿಯ ಟೋಕನ್, ಮೂವತ್ತೊಂದು,
ಹೃದಯ ನಿಂತು ಸತ್ತರೆಂದು ಬರೆದ ಸರ್ಟಿಫಿಕೇಟು.
"ಎಲ್ಲರದೂ ಕೊನೆಗೆ ಹೃದಯ ನಿಂತೇ ಅಲ್ವಾ ಮೇಡಂ?"
ಹಾಸಿಗೆ ಖಾಲಿಯಾಗಿದೆ ಬನ್ನಿ ಅಂತ ಫೋನು ಬಂದದ್ದು
ಹಾಲುತುಪ್ಪದ ದಿನ.
"ತುಂಬಾ ಚೆನ್ನಾಗಿತ್ತು ಅಂತ್ಲೇ ಹಾಕಿ,
ಬೇರೆ ಹಾಕಿದ್ರೆ ಪರಿಹಾರದ ಅರ್ಜಿ ನಿಂತುಬಿಟ್ಟೀತು."
ನಾನು ಸರ್ಕಾರದವಳಲ್ಲ ಅಂದೆ.
ಕೊರಳಿನ ಐಡಿ ಕಾರ್ಡು ನೋಡಿದರು, ನಂಬಲಿಲ್ಲ, ನೀರು ಕೊಟ್ಟರು.

ಖಲೀಂ ಪಾಷಾ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿದ.
"ನಮ್ಮ ಮನೇಲಿ ಯಾರೂ ಹೋಗಿಲ್ಲ.
ನಾನು ಎತ್ತಿದೋರನ್ನ ಎಲ್ಲಿ ಬರೀತೀರಿ?
ಹೆಸರು ಗೊತ್ತಿಲ್ಲ. ಒಬ್ಬರ ಕಾಲಲ್ಲಿ ಒಂದೇ ಚಪ್ಪಲಿ ಇತ್ತು.
ಚೀಲದ ಜಿಪ್ಪು ಎಳೆಯುವಾಗ ಅದನ್ನ ತೆಗೀಬೇಕೋ ಬೇಡವೋ,
ಯಾರನ್ನ ಕೇಳೋದು?"
ಮನೆಯಲ್ಲಿ ಮೃತರ ಸಂಖ್ಯೆ: ಸೊನ್ನೆ.
ಟ್ಯಾಬು ಹಸಿರಾಗಿ ಮುಂದಿನ ಪ್ರಶ್ನೆಗೆ ಹೋಯಿತು.

ಅರುಳಮ್ಮ ಏನೂ ಹೇಳಲಿಲ್ಲ.
ಕನ್ನಡದಲ್ಲಿ ಓದಿದೆ, ಬಂದಷ್ಟು ತಮಿಳಿನಲ್ಲಿ ಓದಿದೆ.
ಅವರೆಕಾಯಿ ಬಿಡಿಸುತ್ತಲೇ ಇದ್ದರು,
ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ;
ಆಮೇಲೆ ಸಿಪ್ಪೆಯನ್ನೂ ಕಾಳಿನ ಪಾತ್ರೆಗೇ ಹಾಕತೊಡಗಿದರು.
ಅದನ್ನು ನೋಡಿ ಐದು ಒತ್ತಿದೆ.

ರಾತ್ರಿ ಯತಿರಾಜ್ ಸರ್ ಫೋನು.
"ನಿಮ್ಮ ಏರಿಯಾದಲ್ಲಿ ಐದನೆಯದು ಬಹಳ ಬರ್ತಿದೆಯಲ್ಲ,
ಶೇಕಡಾ ಎಂಟು ದಾಟಬಾರದು.
ಸ್ವಲ್ಪ ಬಾಯಿ ಬಿಡಿಸಿ, ಹೇಳ್ತಾರೆ."
ಆಯ್ತು ಸರ್, ಅಂದೆ.
ಬಾಯಿಗೆ ನೀರು ಬಿಡಲೂ ಒಳಗೆ ಬಿಡದ ಆ ವಾರ್ಡಿನ ಗಾಜು
ಎಷ್ಟು ತಣ್ಣಗಿತ್ತು ಎಂದು ಅವರಿಗೆ ಹೇಳಿ ಏನು.

ಇವತ್ತು ನಮ್ಮದೇ ಬೀದಿ.
ಮೂಲೆಯ ಚಿಲ್ಲರೆ ಅಂಗಡಿಯಿಂದ ಎಣಿಸಿದರೆ ನಮ್ಮದು ಆರನೇ ಮನೆ.
ಎರಡು ಸಲ ಎಣಿಸಿದೆ. ಅಂಗಡಿಯನ್ನೂ ಮನೆಯೆಂದರೆ ಏಳಾಗುತ್ತದೆ,
ಆದರೆ ಅದಕ್ಕೆ ನಿಯಮವಿಲ್ಲ.
ಕುಂಟೆಬಿಲ್ಲೆಗೆ ನನ್ನನ್ನು ಸೇರಿಸಿಕೊಳ್ಳುವಾಗ ಅಣ್ಣ ಹೇಳುತ್ತಿದ್ದ:
ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅತ್ತರೆ, ಪೆದ್ದಿ, ಲೆಕ್ಕಕ್ಕಿಲ್ಲದವರು ಔಟಾಗಲ್ಲ ಕಣೇ ಅನ್ನುತ್ತಿದ್ದ.

ಬಾಗಿಲ ಬಳಿ ಅವನ ಹೆಲ್ಮೆಟ್ಟು ಮೊಳೆಯಲ್ಲಿ ನೇತಾಡುತ್ತಿದೆ.
ದಾಟಿದೆ.
ಏಳನೇ ಮನೆಯ ತಿಮ್ಮರಾಜು ಬನಿಯನ್ನಿನಲ್ಲೇ ಹೊರಗೆ ಬಂದರು,
ಪೂರ್ತಿ ಕೇಳಿಸಿಕೊಂಡರು,
"ಪರವಾಗಿಲ್ಲ" ಅಂದರು.
ಅಂದು, ನಮ್ಮ ಬಾಗಿಲ ಕಡೆ ನೋಡಿದರು.
ಬೆರಳು ಗಾಜಿನ ಮೇಲೇ ಇತ್ತು.
"ಇರಮ್ಮ," ಅಂದರು, ಮತ್ತೆ ಸುಮ್ಮನಾದರು.
"ನೀನೇ ಏನಾದ್ರೂ ಹಾಕ್ಕೋ."